ಕೆಮ್ಮಿಗೆ ಜೇಷ್ಠಮಧು, ಬಿಪಿಗೆ ಇನ್ನೊಂದು ಮಾತ್ರೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ, ಐವತ್ತು ದಾಟಿದ ವ್ಯಕ್ತಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ. ಎರಡು ಬಗೆಯ ಮಾತ್ರೆ ನುಂಗುತ್ತಿದ್ದರೂ ಬಿಪಿ 164/98. ಮೂರನೆಯದನ್ನು ಬರೆಯುವ ಮುಂಚೆ, ಇರುವುದನ್ನೇ ಸರಿಯಾಗಿ ತಗೊಳ್ತಿದ್ದಾರಾ ನೋಡಿ ಎಂದು ವೈದ್ಯರು ನಮ್ಮ ಬಳಿಗೆ ಔಷಧ ಆಪ್ತಸಲಹೆಗೆ ಕಳಿಸಿದ್ದರು.

ಖಾಲಿ ಪಟ್ಟಿಗಳನ್ನು ಎಣಿಸಿದರೆ ಒಂದು ಮಾತ್ರೆಯೂ ತಪ್ಪಿರಲಿಲ್ಲ. "ಬೇರೆ ಔಷಧಿ?" ಎಂದರೆ "ಏನೂ ಇಲ್ರೀ". ಈ ಪ್ರಶ್ನೆಗೆ ಯಾವಾಗಲೂ ಇದೇ ಉತ್ತರ. ಪುಡಿ, ಕಷಾಯ, ಲೇಹ್ಯಗಳು ನಮ್ಮಲ್ಲಿ ಔಷಧಿಯ ಲೆಕ್ಕಕ್ಕೆ ಬರುವುದಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಮಲಗೋವರೆಗೆ ಬಾಯಿಗೆ ಏನೇನು ಹಾಕ್ಕೋತೀರಿ ಅಂತ ಕೇಳಬೇಕು. ಕೇಳಿದಾಗ ಹೊರಬಿತ್ತು: ಗ್ರಂಧಿಗೆ ಅಂಗಡಿಯ ಜೇಷ್ಠಮಧು ಪುಡಿ, ಜೇನಿನಲ್ಲಿ ಕಲಸಿ ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು. ಮೂರು ತಿಂಗಳಿಂದ. ಯಾಕೆ? ಒಣಕೆಮ್ಮಿಗೆ. ಕೆಮ್ಮು ಯಾಕೆ? ಭಟ್ಟಿ ಹೊಗೆಗೆ.

ಇಲ್ಲೇ ಅನುಮಾನ ಬಂದದ್ದು. ಹೊಗೆ ಇಪ್ಪತ್ತು ವರ್ಷದ್ದು, ಕೆಮ್ಮು ಐದು ತಿಂಗಳದ್ದು. ಏಳು ತಿಂಗಳ ಹಿಂದೆ ಶುರುವಾದದ್ದು ಬಿಪಿ ಮಾತ್ರೆ ರಾಮಿಪ್ರಿಲ್ 5 ಮಿ.ಗ್ರಾಂ. ಈ ಗುಂಪಿನ ಮಾತ್ರೆಗಳು (ಎನಲಾಪ್ರಿಲ್, ಲಿಸಿನೋಪ್ರಿಲ್ ಕೂಡ) ಬ್ರಾಡಿಕೈನಿನ್ ಎಂಬ, ದೇಹದಲ್ಲೇ ತಯಾರಾಗುವ ವಸ್ತು ಒಡೆಯುವುದನ್ನು ತಡೆಯುತ್ತವೆ; ಕೆಲವರಿಗೆ ಅದರಿಂದ ಗಂಟಲಲ್ಲಿ ಕಚಗುಳಿಯಿಟ್ಟಂತೆ, ಕಫವಿಲ್ಲದ ಕೆಮ್ಮು. ಮಾತ್ರೆ ನಿಲ್ಲುವವರೆಗೆ ಯಾವ ಪುಡಿಯೂ ಅದನ್ನು ನಿಲ್ಲಿಸದು. ಹಾಗಾಗಿ ಪುಡಿಯೂ ನಿಲ್ಲಲಿಲ್ಲ.

ಜೇಷ್ಠಮಧುವಿನ ಸಿಹಿ ಗ್ಲಿಸಿರೈಜಿನ್‌ನದು. ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಇದು ಕಟ್ಟಿಹಾಕುತ್ತದೆ. ಆಗ ಕಾರ್ಟಿಸಾಲ್, ಉಪ್ಪು ಹಿಡಿದಿಡುವ ಇನ್ನೊಂದು ಹಾರ್ಮೋನ್ ಆಲ್ಡೋಸ್ಟೆರಾನ್‌ನ ಕೆಲಸ ಮಾಡತೊಡಗುತ್ತದೆ: ಉಪ್ಪು, ನೀರು ಒಳಗೇ ಉಳಿದು ಪೊಟ್ಯಾಸಿಯಂ ಹೊರಹೋಗುತ್ತದೆ, ಬಿಪಿ ಏರುತ್ತದೆ. ಗ್ಲಿಸಿರೈಜಿನ್ ದಿನಕ್ಕೆ 100 ಮಿ.ಗ್ರಾಂ ಮೀರಬಾರದೆಂಬುದು ಯುರೋಪಿನ ತಜ್ಞ ಸಮಿತಿಯ ಮಿತಿ. ಬೇರಿನಲ್ಲಿ ಅದರ ಪ್ರಮಾಣ ಒಂದೇ ಸಮ ಇರುವುದಿಲ್ಲ. ನೂರಕ್ಕೆ 4 ಎಂದಿಟ್ಟುಕೊಂಡರೂ ಎರಡು ಚಮಚ, ಅಂದರೆ ಸುಮಾರು 6 ಗ್ರಾಂ ಪುಡಿಯಲ್ಲಿ 240 ಮಿ.ಗ್ರಾಂ.

ಏರಿದ ಬಿಪಿಗೆಂದು ಕ್ಲೋರ್‌ಥಾಲಿಡೋನ್ 12.5 ಸೇರಿತ್ತು. ಅದೂ ಪೊಟ್ಯಾಸಿಯಂ ಹೊರದಬ್ಬುವ ಮಾತ್ರೆಯೇ. ತೊಡೆ ಸೆಳೆತ, ಮೆಟ್ಟಿಲು ಹತ್ತಿದರೆ ಕಾಲು ಸೋಲುವುದು, ಎದೆ ಹೊಡೆತ ತಪ್ಪಿದಂತಾಗುವುದು, ಇವೆಲ್ಲ ಪೊಟ್ಯಾಸಿಯಂ ಇಳಿದಾಗಿನ ಲಕ್ಷಣಗಳು; ಅವರು ಬೆವರಿನ ಖಾತೆಗೆ ಬರೆದಿದ್ದರು.

ಎದೆಯ ಲಕ್ಷಣ ಇದ್ದದ್ದರಿಂದ ಅಂದೇ ವೈದ್ಯರ ಬಳಿಗೆ ವಾಪಸ್. ಪೊಟ್ಯಾಸಿಯಂ 2.9 (ಇರಬೇಕಾದ್ದು 3.5ರಿಂದ 5). ಇಸಿಜಿ ಆಯಿತು. ವೈದ್ಯರು ಕ್ಲೋರ್‌ಥಾಲಿಡೋನ್ ನಿಲ್ಲಿಸಿ, ರಾಮಿಪ್ರಿಲ್ ಬದಲು ಟೆಲ್ಮಿಸಾರ್ಟಾನ್ 40 ಕೊಟ್ಟು, ಒಂದು ವಾರಕ್ಕೆ ಪೊಟ್ಯಾಸಿಯಂ ಸಿರಪ್ ಬರೆದರು.

ಆಪ್ತಸಲಹೆಯಲ್ಲಿ ಹೇಳಿದ್ದು: ಪುಡಿ ಇವತ್ತೇ ಬಂದ್, ಬಿಪಿ ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ಸಿರಪ್ಪನ್ನು ಅರ್ಧ ಲೋಟ ನೀರಿಗೆ ಹಾಕಿ ಊಟದ ನಂತರ ಕುಡಿಯಿರಿ. ಹಾಗೇ ಕುಡಿದರೆ ಹೊಟ್ಟೆ ಉರಿಯುತ್ತದೆ. ಜೇಷ್ಠಮಧುವಿನ ಪ್ರಭಾವ ಇಳಿಯಲು ಎರಡು ವಾರವಾದರೂ ಬೇಕು, ಇಳಿದಾಗ ಬಿಪಿ ತೀರಾ ತಗ್ಗಬಹುದು. ಆದ್ದರಿಂದ ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ ಬಿಪಿ ನೋಡಿ: ಚಹಾ, ಬೀಡಿ ಆಗಿ ಅರ್ಧ ಗಂಟೆ ಕಳೆದಿರಬೇಕು, ಐದು ನಿಮಿಷ ಒರಗಿ ಕೂತಿರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಬರೆದಿಡಿ. ಮೇಲಿನ ಅಂಕಿ 100ಕ್ಕಿಂತ ಕೆಳಗೆ ಬಂದರೆ, ಎದ್ದಾಗ ಕಣ್ಣು ಕತ್ತಲಿಟ್ಟರೆ ಫೋನ್ ಮಾಡಿ. ಕೆಮ್ಮಿನ ಸಿರಪ್ ಕೊಳ್ಳುವುದಾದರೆ ಡಬ್ಬಿಯ ಮೇಲೆ ಯಷ್ಟಿಮಧು, ಮುಲೇಠಿ, ಅತಿಮಧುರ ಇವೆಯಾ ನೋಡಿ. ಹೆಸರು ಬೇರೆ, ಬೇರು ಒಂದೇ. ಬಿಪಿ ಏರಿಸಬಲ್ಲ ಫಿನೈಲೆಫ್ರಿನ್ ಇರುವ ನೆಗಡಿ ಮಾತ್ರೆಯೂ ಬೇಡ.

ಮಗಳು "ಬಿಪಿಗೆ ಒಳ್ಳೇದಂತೆ" ಎಂದು ಸೋಡಿಯಂ ಕಡಿಮೆಯಿರುವ ಉಪ್ಪು ತಂದಿದ್ದಳು. ಅದರಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಇರುತ್ತದೆ, ಟೆಲ್ಮಿಸಾರ್ಟಾನ್ ಪೊಟ್ಯಾಸಿಯಂ ಉಳಿಸಿಕೊಳ್ಳುವ ಮಾತ್ರೆ. ಈಗ ಕೊರತೆ, ನಾಳೆ ಅತಿಯಾದೀತು. ಮಾಮೂಲಿ ಉಪ್ಪನ್ನೇ ಕಡಿಮೆ ಮಾಡಿ ಎಂದದ್ದಾಯಿತು. ಉಪ್ಪುನೀರು ಬೆರೆಸಿಯೇ ಹುರಿಯುವ ಮಂಡಕ್ಕಿಯನ್ನು ಭಟ್ಟಿಯಲ್ಲಿ ನಿಂತು ಮುಕ್ಕುವುದಕ್ಕೂ ಕಡಿವಾಣ.

ಎರಡು ವಾರಕ್ಕೆ ಪೊಟ್ಯಾಸಿಯಂ 4.1. ಮೂರನೇ ವಾರ ಕೆಮ್ಮಿಲ್ಲ. ತಿಂಗಳಿಗೆ ಬಿಪಿ 136/84, ಒಂದೇ ಮಾತ್ರೆಯಲ್ಲಿ. ಶುಂಠಿ, ಮೆಣಸಿನ ಕಷಾಯ ಕುಡಿಯಬಹುದಾ ಎಂದು ಕೇಳಿದರು. ಅಡುಗೆಯ ಪ್ರಮಾಣದಲ್ಲಿ ಆಗಬಹುದು ಎಂದಾಯಿತು. ಮನೆಯಲ್ಲಿ ಕುಟ್ಟಿಟ್ಟ ಕಷಾಯದ ಪುಡಿಗೂ ಜೇಷ್ಠಮಧು ಬಿದ್ದಿದೆ, ಹೆಂಡತಿಯೂ ಅದನ್ನೇ ಕುಡಿಯುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು. ಅವರ ಬಿಪಿ ಬರುವ ಸೋಮವಾರ ನೋಡುವುದಿದೆ.