ಮೂರು ಡಾಲರಿನ ಬೂಟು, ಐದು ಡಾಲರಿನ ಬಟವಾಡೆ

ಪ್ರಶ್ನೆ: ಹಳೆಯ ಮೂಕಿ ಚಿತ್ರಗಳಲ್ಲಿ ಬಡ ಹುಡುಗಿ ದಾರಿ ತಪ್ಪುತ್ತಾಳೆ, ಅಳುತ್ತಾಳೆ, ಕಥೆ ಮುಗಿಯುತ್ತದೆ. ಇವೆಲ್ಲ ಬಡವರಿಗೆ ನೀತಿ ಹೇಳಲು ತೆಗೆದವೇ? ಕಂಪ್ಯೂಟರಿನಲ್ಲಿ ನೋಡಿದರೆ ಎಲ್ಲರೂ ಓಡಿದಂತೆ ಕಾಣುತ್ತಾರೆ, ದುಃಖವೂ ತಟ್ಟುವುದಿಲ್ಲ. ಏಕೆ?

ಉತ್ತರ: ಹಲವು ಹಾಗೇ ಇವೆ. ಆದರೆ ಅಮೆರಿಕದ ಲೋಯಿಸ್ ವೆಬರ್ 1916ರಲ್ಲಿ ನಿರ್ದೇಶಿಸಿದ ‘ಶೂಸ್’ ನೋಡಿ. ಅಗ್ಗದ ಸಾಮಾನಿನ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ಈವಾಗೆ ವಾರಕ್ಕೆ 5 ಡಾಲರ್ ಬಟವಾಡೆ. ಅಪ್ಪ, ಅಮ್ಮ, ತಂಗಿಯರ ಹೊಟ್ಟೆಪಾಡು ಅದರಲ್ಲೇ ಆಗಬೇಕು. ಹೊಸ ಬೂಟಿಗೆ 3 ಡಾಲರ್. ಇರುವ ಬೂಟಿನ ಅಟ್ಟೆ ತೂತು. ರಟ್ಟು ಕತ್ತರಿಸಿ ಒಳಗಿಟ್ಟುಕೊಳ್ಳುತ್ತಾಳೆ. ಮಳೆಗೆ ಅದೂ ನೆಂದು ಹೋಗುತ್ತದೆ. ಕ್ಯಾಮೆರಾ ಮತ್ತೆ ಮತ್ತೆ ಆ ಪಾದಗಳ ಹತ್ತಿರ ಬರುತ್ತದೆ. ಹಾಗಾಗಿ, ಒಬ್ಬ ಗಾಯಕನ ಬಳಿ ಹೋಗುವ ಮುನ್ನ ಅವಳು ಒಡೆದ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಾಗ ನಮಗೆ ಅವಳ ಶೀಲಕ್ಕಿಂತ ಆ ಮೂರು ಡಾಲರಿನ ಲೆಕ್ಕವೇ ಕಾಡುತ್ತದೆ. ಹೊಸ ಬೂಟು ಹಾಕಿಕೊಂಡು ಮನೆಗೆ ಮರಳಿದರೆ ಅಪ್ಪನಿಗೆ ಕೆಲಸ ಸಿಕ್ಕಿರುತ್ತದೆ! ಒಂದು ಕೊರತೆಯೂ ಇದೆ: ಹಾಸಿಗೆಯಲ್ಲಿ ಪುಸ್ತಕ ಓದುತ್ತ ಬಿದ್ದಿರುವ ಅಪ್ಪನ ಮೇಲೆ ತಪ್ಪು ಹೊರಿಸುವಷ್ಟು ಬಲವಾಗಿ ಅಂಗಡಿಯ ಸಂಬಳವನ್ನು ಚಿತ್ರ ಪ್ರಶ್ನಿಸುವುದಿಲ್ಲ.

ಮುರ್ನಾವ್ ಅವರ 1924ರ ಜರ್ಮನ್ ಚಿತ್ರ ‘ದಿ ಲಾಸ್ಟ್ ಲಾಫ್’ನಲ್ಲಿ ಬೂಟಿನ ಜಾಗಕ್ಕೆ ಹೋಟೆಲ್ ದ್ವಾರಪಾಲಕನ ಕೋಟು ಬಂದಿದೆ. ಅದು ಮೈಮೇಲಿದ್ದಾಗ ವಠಾರವೇ ನಮಸ್ಕರಿಸುತ್ತಿತ್ತು. ಶೌಚಾಲಯದ ಕೆಲಸಕ್ಕೆ ಇಳಿಸಿದ್ದು ಗೊತ್ತಾದೊಡನೆ ಅದೇ ವಠಾರ ನಗುತ್ತದೆ.

ಇನ್ನು ಓಟದ ವಿಷಯ. ಇಂಥ ಎಷ್ಟೋ ಚಿತ್ರಗಳನ್ನು ಸೆಕೆಂಡಿಗೆ 16ರಿಂದ 20 ಬಿಡಿ ಚಿತ್ರಗಳಷ್ಟು, ಅಂದರೆ ಫ್ರೇಮ್‌ಗಳಷ್ಟು ನಿಧಾನವಾಗಿ ತೆಗೆದಿದ್ದರು. ಆಮೇಲೆ ಅವನ್ನೇ 24ರಲ್ಲಿ ಓಡಿಸಿದಾಗ 18ರಲ್ಲಿ ತೆಗೆದ ಒಂದು ಗಂಟೆಯ ಚಿತ್ರ 45 ನಿಮಿಷಕ್ಕೆ ಮುಗಿಯುತ್ತದೆ. ಅಳುವವಳ ಭುಜ ಕುಲುಕುವುದೂ ನಗೆಯಾಟವಾಗುತ್ತದೆ. ಪ್ಲೇಯರಿನಲ್ಲಿ ವೇಗ 0.75ಕ್ಕೆ ಇಳಿಸಿ, ಧ್ವನಿ ಮುಚ್ಚಿಡಿ, ಇಲ್ಲವಾದರೆ ಆಮೇಲೆ ಸೇರಿಸಿದ ಸಂಗೀತ ಎಳೆದಾಡುತ್ತದೆ. ಸರಿಯಾಯಿತೇ ಎಂದು ತಿಳಿಯಲು ಬೀದಿಯಲ್ಲಿ ನಡೆಯುವವರ ಕಾಲು ನೋಡಿ: ಹೆಜ್ಜೆ ನೆಲಕ್ಕೆ ಊರಿದಂತೆ ಕಾಣಬೇಕು. ಹೊಸದಾಗಿ ದುರಸ್ತಿಯಾದ ಪ್ರತಿಗಳಲ್ಲಿ ಸಾಮಾನ್ಯವಾಗಿ ವೇಗ ಮೊದಲೇ ಸರಿಪಡಿಸಿರುತ್ತಾರೆ. ಅವನ್ನು ಮತ್ತೆ ಇಳಿಸಿದರೆ ಎಲ್ಲರೂ ನೀರಿನಲ್ಲಿ ನಡೆದಂತೆ ಕಾಣುತ್ತಾರೆ.