ಏಣಿಯೂ ಇದೆ, ನೀರೂ ಇದೆ, ಮೀನೆಲ್ಲಿ?

ಅಣೆಕಟ್ಟೆಗೆ ಮೀನಿನ ಏಣಿ ಕಟ್ಟಿದ್ದಾರೆ, ವರ್ಷವಿಡೀ ಕನಿಷ್ಠ ನೀರನ್ನೂ ಬಿಡುತ್ತಾರೆ. ಆದರೂ ನದಿಯ ಮೂಲ ಮೀನುಗಳು ಕಡಿಮೆಯಾಗುವುದೇಕೆ ಎಂದು ಕೇಳಿದ್ದೀರಿ.

ಏಣಿ ಎಂದರೆ ಮೀನು ಕಟ್ಟೆ ದಾಟಿ ಮೇಲೇರಲೆಂದು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದ ತೊಟ್ಟಿಗಳು. ತೊಟ್ಟಿಯಿಂದ ತೊಟ್ಟಿಗೆ 30 ಸೆಂ.ಮೀ. ಎತ್ತರವಿದ್ದರೆ ನೀರು ಸೆಕೆಂಡಿಗೆ ಸುಮಾರು 2.4 ಮೀಟರ್ ವೇಗದಲ್ಲಿ ನುಗ್ಗುತ್ತದೆ. ನೆಗೆಯಬಲ್ಲ ಸಾಲ್ಮನ್‌ಗೆ ಅದು ಲೆಕ್ಕಕ್ಕಿಲ್ಲ, ಅಂಗೈಯುದ್ದದ ಮೀನಿಗೆ ಗೋಡೆ. ಎತ್ತರವನ್ನು 10 ಸೆಂ.ಮೀ.ಗೆ ತಗ್ಗಿಸಿದರೂ ವೇಗ 1.4 ಮೀಟರ್, ಮೂರನೇ ಒಂದಕ್ಕಿಳಿಸಿದರೂ ವೇಗ ಅರ್ಧವಾಗುವುದಿಲ್ಲ. ತೊಟ್ಟಿಗಳು ಮಾತ್ರ ಮೂರು ಪಟ್ಟು ಬೇಕು. ಇನ್ನು ಬಾಗಿಲು. ಮೀನು ಜೋರು ಸೆಳೆತವನ್ನೇ ಹಿಡಿದು ಬರುವುದರಿಂದ ಟರ್ಬೈನಿನ ನೀರು ಹೊರಬೀಳುವ ಕಡೆ ಗುಂಪುಗೂಡುತ್ತದೆ. ಏಣಿಯ ಬಾಗಿಲು ಅಲ್ಲಿಂದ ದೂರವಿದ್ದರೆ ಎಷ್ಟು ಚೆಂದ ಕಟ್ಟಿಯೂ ಪ್ರಯೋಜನವಿಲ್ಲ.

ಹತ್ತಿದ್ದೇ ಆಯಿತು ಅನ್ನಿ, ಇಳಿಯುವುದು ಹೇಗೆ? ತೇಲುತ್ತಾ ಸಾಗಬೇಕಾದ ಮೊಟ್ಟೆಗಳು ಹಿನ್ನೀರಿನ ನಿಂತ ನೀರಲ್ಲಿ ತಳ ಸೇರಿ ಹೂಳಲ್ಲಿ ಮುಚ್ಚಿಹೋಗುತ್ತವೆ. ಟರ್ಬೈನಿಗೆ ಸಿಕ್ಕ ಮರಿಗಳ ಗಾಳಿಚೀಲ, ಒತ್ತಡ ಥಟ್ಟನೆ ಕುಸಿದಾಗ ಉಬ್ಬಿ ಒಡೆಯುತ್ತದೆ. ಉದ್ದ ಮೈಯ ಹಾವುಮೀನಿಗೆ ಅಲಗಿನ ಏಟೇ ಹೆಚ್ಚು.

ಎಲ್ಲರೂ ಮರೆಯುವುದು ನೀರಿನ ಬಿಸುಪನ್ನು. ಆಳದ ಜಲಾಶಯದಲ್ಲಿ ಬೇಸಿಗೆಯ ಬೆಚ್ಚನೆ ನೀರು ಮೇಲೆ, ತಣ್ಣನೆಯದು ಕೆಳಗೆ, ಒಂದಕ್ಕೊಂದು ಬೆರೆಯದೆ ನಿಲ್ಲುತ್ತವೆ. ತಳದ ನೀರಲ್ಲಿ ಆಮ್ಲಜನಕವೂ ಕಡಿಮೆ. ನದಿಗೆ ಬಿಡುವುದು ಹೆಚ್ಚಾಗಿ ಆ ನೀರನ್ನೇ. ಅಮೆರಿಕದ ಕೊಲರಾಡೊ ನದಿಯಲ್ಲಿ 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟೆ ನೀರು ಹಿಡಿಯತೊಡಗಿತು. ಬೇಸಿಗೆಯಲ್ಲಿ 25 ಡಿಗ್ರಿ ದಾಟುತ್ತಿದ್ದ ನೀರು ಮುಂದೆ ಹಲವು ದಶಕ 10 ಡಿಗ್ರಿಯ ಆಸುಪಾಸಿಗೆ ಬಂದು ನಿಂತಿತು. ಅಲ್ಲಿಯ ಹಂಪ್‌ಬ್ಯಾಕ್ ಚಬ್ ಮೀನಿನ ಸಂತಾನಕ್ಕೆ ಸುಮಾರು 16 ಡಿಗ್ರಿಯಾದರೂ ಬೇಕು. ಅದು ಉಳಿದದ್ದು ಮುಖ್ಯವಾಗಿ ಬೆಚ್ಚನೆಯ ಉಪನದಿಯೊಂದರ ದಯೆಯಿಂದ. ಬೇರೆ ಬೇರೆ ಆಳದಿಂದ ನೀರೆಳೆಯುವ ತೂಬಿಟ್ಟರೆ ಇದಕ್ಕೆ ಪರಿಹಾರವುಂಟು. ಅದೇ ಕೊಳ್ಳದ ಫ್ಲೇಮಿಂಗ್ ಗಾರ್ಜ್ ಕಟ್ಟೆಗೆ 1978ರಲ್ಲಿ ಹಾಗೆ ಮಾಡಿದರು.

‘ಕನಿಷ್ಠ ನೀರು’ ಎಂಬ ಮಾತಿಗೂ ನನ್ನ ತಕರಾರಿದೆ. ಎಷ್ಟೋ ಜಾತಿಗಳಿಗೆ ಮೊಟ್ಟೆಯಿಡಲು ಹೊಸ ನೀರು ಏರುವುದೇ ಸೂಚನೆ. ವರ್ಷವಿಡೀ ಒಂದೇ ಮಟ್ಟವಾದರೆ ಆ ಸೂಚನೆ ಬರುವುದೇ ಇಲ್ಲ. ಹೂಳು ಕಳೆದುಕೊಂಡ ತಿಳಿನೀರು ಕಟ್ಟೆಯ ಕೆಳಗಿನ ಸಣ್ಣ ಕಲ್ಲುಗಳನ್ನೆಲ್ಲ ಕೊಚ್ಚಿ ಒಯ್ಯುವುದರಿಂದ ಕಲ್ಲಿನ ಸಂದಿಯಲ್ಲಿ ಮೊಟ್ಟೆಯಿಡುವ ಮೀನಿಗೆ ನೆಲೆಯೂ ತಪ್ಪುತ್ತದೆ. ವಿದ್ಯುತ್ ಬೇಡಿಕೆಗೆ ತಕ್ಕಂತೆ ನೀರನ್ನು ಸಂಜೆ ಏರಿಸಿ ರಾತ್ರಿ ತಟಕ್ಕನೆ ಇಳಿಸಿದರೆ ದಡದ ಗುಂಡಿಗಳಲ್ಲಿ ಮರಿಗಳು ಸಿಕ್ಕಿಬಿದ್ದು ಒಣಗುತ್ತವೆ. ಇಳಿಕೆ ಗಂಟೆಗೆ ಕೆಲವೇ ಸೆಂಟಿಮೀಟರ್ ಇರಬೇಕು.

ಮರಿಗಳು ನಾಲೆಯೊಳಕ್ಕೆ ಸೆಳೆದುಹೋಗದಂತೆ ಅದರ ಬಾಯಿಗೆ ಜಾಲರಿ ಇದೆಯೇ ಎಂಬುದನ್ನೂ ನೋಡಿ. ಸಾಲ್ಮನ್ ಮರಿಗಳಿಗೆ ಅಮೆರಿಕದಲ್ಲಿ ಪಾಲಿಸುವ ಅಳತೆ: ತೂತು 2.4 ಮಿ.ಮೀ. ಮೀರಬಾರದು, ಜಾಲರಿಯತ್ತ ನೀರು ಸೆಕೆಂಡಿಗೆ 12 ಸೆಂ.ಮೀ.ಗಿಂತ ವೇಗವಾಗಿ ಬರಬಾರದು. ಕಸ ಕಟ್ಟಿಕೊಂಡರೆ ಉಳಿದ ತೂತುಗಳಲ್ಲಿ ಸೆಳೆತ ಹೆಚ್ಚಿ ಮರಿಗಳು ಜಾಲರಿಗೇ ಅಂಟಿ ಸಾಯುತ್ತವೆ.

ನಿಮ್ಮಲ್ಲಿ ಯಾವುದು ತಪ್ಪಿದೆ ಎಂದು ತಿಳಿಯಲು ಒಂದು ಥರ್ಮಾಮೀಟರಿನಿಂದ ಶುರುಮಾಡಿ. ಬೇಸಿಗೆಯ ಒಂದೇ ದಿನ, ಒಂದೇ ಹೊತ್ತಿಗೆ, ಕಟ್ಟೆಯ ಕೆಳಗೂ ಕಟ್ಟೆಯಿಲ್ಲದ ಹತ್ತಿರದ ಉಪನದಿಯಲ್ಲೂ ಅಳೆಯಿರಿ. ಜೊತೆಗೆ ನೀರು ಬಿಟ್ಟ ಲೆಕ್ಕವನ್ನು ಗಂಟೆವಾರು ಕೇಳಿ ಪಡೆಯಿರಿ. ದಿನದ ಸರಾಸರಿ ಕೊಟ್ಟರೆ ಒಪ್ಪಬೇಡಿ, ರಾತ್ರಿಯ ಇಳಿತ ಅದರಲ್ಲಿ ಕಾಣುವುದಿಲ್ಲ.