ಸಂಬಳ ತಡೆದರೆ ಕೆಲಸ ಹೆಚ್ಚುತ್ತದೆಯೇ?

ಸಂಬಳ ಏರಿಸದಿದ್ದರೆ ಉದ್ಯೋಗ ಜಾಸ್ತಿ ಆಗುತ್ತದೆ ಅನ್ನೋದಕ್ಕೆ ನೆದರ್ಲೆಂಡ್ಸ್ ಸಾಕ್ಷಿಯಾ ಅಂತ ಕೇಳಿದ್ದೀರಿ. ಅರ್ಧ ನಿಜ ಸರ್. 1982ರಲ್ಲಿ ಅಲ್ಲಿನ ಮಾಲೀಕರ ಸಂಘಗಳಿಗೂ ಕಾರ್ಮಿಕ ಸಂಘಗಳಿಗೂ ಆದ ವಾಸೆನಾರ್ ಒಪ್ಪಂದದಲ್ಲಿ ಕಾರ್ಮಿಕ ಸಂಘಗಳು ಸಂಬಳ ಏರಿಕೆಯ ಪಟ್ಟು ಸಡಿಲಿಸಿದವು, ಬದಲಿಗೆ ಕೆಲಸದ ಅವಧಿ ಕಡಿಮೆ ಮಾಡಿಸಿಕೊಂಡವು. ಆಮೇಲೆ ಉದ್ಯೋಗ ಹೆಚ್ಚಿದ್ದು ಹೌದು. ಆದರೆ ಬಹಳಷ್ಟು ಪಾರ್ಟ್ ಟೈಮ್. ಉತ್ಪಾದಕತೆಯ, ಅಂದರೆ ಒಂದು ಗಂಟೆಯ ದುಡಿಮೆಯಿಂದ ಆಗುವ ಉತ್ಪಾದನೆಯ, ಬೆಳವಣಿಗೆಯೂ ನಿಧಾನವಾಯಿತು. ಆಳು ಅಗ್ಗಕ್ಕೆ ಸಿಕ್ಕರೆ ಹೊಸ ಮೆಷಿನ್‌ಗೆ ದುಡ್ಡು ಯಾರು ಹಾಕುತ್ತಾರೆ, ಅಲ್ವಾ?

ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನೇ ನೋಡಿ. ಹೊಗೆ ಕುಡಿಯುತ್ತಾ, ಕಾದ ಮರಳಿನ ಮುಂದೆ ನಿಂತು ಅಕ್ಕಿ ಹುರಿಯುವವರು ಕಡಿಮೆ ಕೂಲಿಗೆ ಸಿಗುವವರೆಗೂ ಮಾಲೀಕರಿಗೆ ಹಳೇ ಒಲೆಯೇ ಸಾಕು. ಇನ್ನೊಂದು, ನೆದರ್ಲೆಂಡ್ಸ್ ರಫ್ತನ್ನೇ ನಂಬಿದ ಸಣ್ಣ ದೇಶ. ಅಲ್ಲಿನ ಸರಕು ಕೊಳ್ಳುವವರು ಹೊರಗಿದ್ದಾರೆ. ಇಲ್ಲಿ ಕೂಲಿ ತಡೆದರೆ ಊರಿನ ಅಂಗಡಿಗಳ ವ್ಯಾಪಾರವೇ ಮೊದಲು ಬೀಳುತ್ತದೆ.